ಎರ್ಮೆಲಿಂದೊನ ಹಗುರ ವಾದ್ಯ

ಹಬ್ಬದ ದಿನ ಬೆಳಿಗ್ಗೆ ಎರ್ಮೆಲಿಂದೊ ಬಗ್ಗಿದ್ದು ಡೊಳ್ಳನ್ನು ಎತ್ತಲಿಕ್ಕಲ್ಲ, ಕೆಳಗೆ ಬಿದ್ದ ಡೊಳ್ಳಿನ ಕೋಲನ್ನು ಎತ್ತಲಿಕ್ಕೆ. ಸೊಂಟದಲ್ಲಿ ಏನೋ ‘ಕಟಕ್’ ಎಂದಿತು. ಬಗ್ಗಿದವನು ಬಗ್ಗಿದ ಹಾಗೆಯೇ ನಿಂತುಬಿಟ್ಟ. ಹೆಂಡತಿ ದೆಯೊಲಿಂದಾ ಅಡುಗೆಮನೆಯಿಂದ ಬಂದು ನೋಡಿದಾಗ ಅವನು ನೆಲದಲ್ಲಿ ಸೂಜಿ ಹುಡುಕುವವನ ಹಾಗೆ ಕಂಡ.

"ಏನ್ರೀ, ಏನು ಬಿತ್ತು?"

"ನಾನೇ ಬಿದ್ದೆ ಕಣೇ. ಇನ್ನೂ ನೆಲ ಮುಟ್ಟಿಲ್ಲ, ಅಷ್ಟೇ."

ಆರೋಗ್ಯ ಕೇಂದ್ರದ ಡಾಕ್ಟರಮ್ಮ ಪುಣ್ಯಾತ್ಗಿತ್ತಿ, ರಜೆಯ ದಿನವೂ ಮನೆಗೇ ಬಂದು, ಸೊಂಟ ಒತ್ತಿ, ಒಂದು ಇಂಜೆಕ್ಷನ್ ಕೊಟ್ಟು ಅವನನ್ನು ನೆಟ್ಟಗೆ ನಿಲ್ಲಿಸಿದರು. "ನಡೀಬಹುದು, ನಡೆದಷ್ಟೂ ಒಳ್ಳೇದು. ಆದ್ರೆ ಕುತ್ತಿಗೆಗೆ ಏನೂ ನೇತುಹಾಕೋ ಹಾಗಿಲ್ಲ, ಭುಜದ ಮೇಲೆ ಏನೂ ಹೊರೋ ಹಾಗಿಲ್ಲ. ಡೊಳ್ಳನ್ನ ಮರೆತುಬಿಡಿ" ಎಂದು ಹೇಳಿ ಹೋದರು.

ಮರೆತುಬಿಡಿ ಎನ್ನುವುದು ಅವರಿಗೆ ಸುಲಭ, ಅವರು ದೂರದ ಕೊಯಿಂಬ್ರಾ ಪಟ್ಟಣದ ಕಡೆಯವರು. ನಮ್ಮ ಬೈರಾ ಸೀಮೆಯಲ್ಲಿ ಈಸ್ಟರ್ ಕಳೆದ ಮೇಲೆ ಬರುವ ಆ ಸೋಮವಾರ ಊರಿಗೆ ಊರೇ ಕಲ್ಲುದಾರಿಯಲ್ಲಿ ನಡೆದು ಬಯಲಿನ ಮಾತೆಯ ಗುಡಿಗೆ ಹೋಗುತ್ತದೆ. ಎಲ್ಲರಿಗಿಂತ ಮುಂದೆ ಗಂಡಸರ ಡೊಳ್ಳುಗಳು. ಆಮೇಲೆ ಮಾತೆಯ ಪಲ್ಲಕ್ಕಿ, ಪಾದ್ರಿಗಳು, ಊರ ಜನ. ಎಲ್ಲರಿಗಿಂತ ಹಿಂದೆ ಹೆಂಗಸರ ಅದುಫೆ ಎನ್ನುವ ಚೌಕ ತಮಟೆಗಳು. ಎರ್ಮೆಲಿಂದೊ ಮೀಸೆ ಮೂಡಿದಾಗಿನಿಂದ ಮುಂದಿನ ಸಾಲಿನವನು. ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿತ್ತು. ದೆಯೊಲಿಂದಾ ಹೆರಿಗೆಯಲ್ಲಿ ಇನ್ನಿಲ್ಲ ಎನ್ನುವ ಹಾಗಾಗಿ ಉಳಿದುಕೊಂಡ ವರ್ಷ ಅವನು ಮಾತೆಗೆ ಹರಕೆ ಹೊತ್ತಿದ್ದ: ಬದುಕಿರುವ ತನಕ ಪ್ರತಿ ಹಬ್ಬಕ್ಕೂ ಬಾರಿಸುತ್ತಲೇ ನಿನ್ನ ಅಂಗಳಕ್ಕೆ ಬರುತ್ತೇನೆ ತಾಯೀ, ಬರಿಗೈಯಲ್ಲಿ ಬರುವುದಿಲ್ಲ. ಸೊಂಟ ಹಿಡಿಯಿತು ಎನ್ನುವ ನೆಪವನ್ನು ಮಾತೆ ಒಪ್ಪುತ್ತಾಳೋ ಇಲ್ಲವೋ, ಕೇಳಿ ಬಂದವರು ಯಾರು? ಅವನಿಗೆ ಅಳುವುದೊಂದು ಬಾಕಿ.

ಅಷ್ಟರಲ್ಲಿ ಕುಸ್ತೋದಿಯೊ ಬಂದ. ಮಾಂಸದಂಗಡಿಯ ಯಜಮಾನ, ಡೊಳ್ಳಿನ ಮೇಳದ ಮುಖ್ಯಸ್ಥ. ಸುದ್ದಿ ಅವನಿಗೆ ಡಾಕ್ಟರಮ್ಮನಿಗಿಂತ ಮೊದಲೇ ಮುಟ್ಟಿತ್ತು.

"ಡೊಳ್ಳು ಕೊಡಪ್ಪಾ ಇಲ್ಲಿ, ನನ್ನ ತಂಗಿ ಮಗ ಬಾರಿಸ್ತಾನೆ. ನೀನು ಅಬಿಲಿಯೊನ ಕಾಫಿ ಅಂಗಡೀಲಿ ಕೂತ್ಕೊಂಡು ಕೇಳು. ಗಡಿ ಆಚೆ ಸ್ಪೇನಿನವರಿಗೇ ಕೇಳ್ಸುತ್ತೆ, ನಿನಗೆ ಕೇಳ್ಸಲ್ವಾ?"

ಡೊಳ್ಳು ಬಾಗಿಲು ದಾಟಿ ಹೋದದ್ದನ್ನು ಎರ್ಮೆಲಿಂದೊ ಮಗಳನ್ನು ಗಂಡನ ಮನೆಗೆ ಕಳಿಸುವವನ ಹಾಗೆ ನೋಡಿದ. ಆಮೇಲೆ ಅವನ ಕಣ್ಣು ಗೋಡೆಯ ಕಡೆ ಹೋಯಿತು.

ಗೋಡೆಯ ಮೇಲೆ ದೆಯೊಲಿಂದಾಳ ಅಜ್ಜಿಯ ಅದುಫೆ ತೂಗುತ್ತಿತ್ತು. ಎರಡು ಗೇಣು ಅಗಲದ ಚೌಕ. ಎರಡೂ ಮಗ್ಗುಲಿಗೆ ಮೇಕೆಯ ಚರ್ಮ, ಮೂಲೆಗಳಿಗೆ ಬಣ್ಣದ ಕುಚ್ಚು, ಒಳಗೆ ಗಲಗಲ ಎನ್ನಲಿಕ್ಕೆ ಒಂದು ಹಿಡಿ ಕಾಳು. ಕುತ್ತಿಗೆಗೆ ನೇತುಹಾಕುವುದೂ ಇಲ್ಲ, ಭುಜದ ಮೇಲೆ ಹೊರುವುದೂ ಇಲ್ಲ. ಎರಡು ಕೈಯಲ್ಲಿ ಹಿಡಿದು ಬೆರಳಲ್ಲಿ ನುಡಿಸಿದರಾಯಿತು. ಗಂಡಸರು ಅದನ್ನು ಮುಟ್ಟಬಾರದೆಂದು ಯಾರೂ ಹೇಳಿಲ್ಲ, ಆದರೆ ಮುಟ್ಟಿದವನೂ ಯಾರೂ ಇಲ್ಲ.

ಹೆಂಡತಿ ಅತ್ತ ಹೋದದ್ದೇ ಅವನು ಅದನ್ನು ಇಳಿಸಿ ಒಂದು ಏಟು ಹಾಕಿದ. ದೊಪ್ ಎಂದಿತು, ದಿಂಬು ಕೊಡವಿದ ಹಾಗೆ. ಹೊರಗೆ ಮಂಜು ಮುಸುಕಿತ್ತು. ತೇವಕ್ಕೆ ಚರ್ಮ ಸಡಿಲವಾಗಿದೆ, ಕಾಯಿಸಬೇಕು. ಇಷ್ಟು ಯಾವ ಡೊಳ್ಳಿನವನಿಗೂ ಗೊತ್ತು. ಗೊತ್ತಿಲ್ಲದ್ದು ಎಷ್ಟು ಕಾಯಿಸಬೇಕು ಎನ್ನುವುದು. ಡೊಳ್ಳಿನ ದಪ್ಪ ತೊಗಲಿಗೆ ಬೇಕಾದ ಕಾವೇ ಇದಕ್ಕೂ ಬೇಕು ಎಂದುಕೊಂಡು, ಆಗಷ್ಟೇ ಬ್ರೆಡ್ಡು ತೆಗೆದಿದ್ದ ಒಲೆಗೂಡಿನೊಳಗೆ ಅದುಫೆಯನ್ನಿಟ್ಟು ಬಾಗಿಲು ಹಾಕಿದ. ಚೆನ್ನಾಗಿ ಬಿಗಿಯಾಗಲಿ ಎಂದು ಒಂದು ಲೋಟ ಕಾಫಿಯನ್ನೂ ಕುಡಿದ.

ಢಂ!

ಒಲೆಯ ಬಾಗಿಲು ತೆರೆದುಕೊಂಡು ಬೂದಿ ಹೊರಗೆ ಹಾರಿತು. ಅಷ್ಟಕ್ಕೇ ಮುಗಿದಿದ್ದರೆ ಗಂಡ ಹೆಂಡಿರ ಜಗಳದಲ್ಲಿ ಮುಗಿಯುತ್ತಿತ್ತು. ಆದರೆ ಹಬ್ಬದ ದಿನ ಮೆರವಣಿಗೆ ಹೊರಡುವ ಸೂಚನೆಗೆ ನಮ್ಮೂರಿನಲ್ಲಿ ಒಂದು ಬಾಣದ ಪಟಾಕಿ ಹಾರಿಸುತ್ತಾರೆ. ಇಗರ್ಜಿಯ ಗಂಟೆಯವನು ಇದೇ ಆ ಬಾಣವೆಂದು ತಿಳಿದು ಗಂಟೆ ಹೊಡೆದ. ಗಂಟೆ ಕೇಳಿದ್ದೇ ಊರಿಗೆ ಊರೇ ಬೀದಿಗೆ ಬಿತ್ತು. ಒಂದು ಕಾಲಿಗೆ ಬೂಟು ಹಾಕಿದವರು, ಅರ್ಧ ಜಡೆ ಹೆಣೆದವರು, ಕೈಯಲ್ಲಿ ಬಾಣಲೆ ಹಿಡಿದವರು. ಪಾದ್ರಿಗಳು ಒಂದು ಗಲ್ಲದ ತುಂಬ ಸೋಪಿನ ನೊರೆ ಇಟ್ಟುಕೊಂಡೇ ಓಡಿ ಬಂದರು. ಹೊಗೆ ಎಲ್ಲಿಂದ ಬರುತ್ತಿದೆ ಎಂದು ನೋಡಿ ಎಲ್ಲರೂ ಎರ್ಮೆಲಿಂದೊನ ಬಾಗಿಲಿಗೆ ಬಂದು ನಿಂತರು.

ಒಳಗೆ ಅವನು ಮುಖದ ತುಂಬ ಬೂದಿ ಬಳಿದುಕೊಂಡು, ಕೈಯಲ್ಲಿ ಬರೀ ಚೌಕಟ್ಟು ಹಿಡಿದು ನಿಂತಿದ್ದ. ಹುರಿದ ಕಾಳು ನೆಲದ ತುಂಬ ಚೆಲ್ಲಿತ್ತು. ಕಾಫಿ ಅಂಗಡಿಯ ಅಬಿಲಿಯೊ ಒಂದು ಕಾಳು ಎತ್ತಿ ಬಾಯಿಗೆ ಹಾಕಿಕೊಂಡು, "ಉಪ್ಪು ಸಾಲದು" ಎಂದ.

ಜನ ಸರಿದು ದಾರಿ ಬಿಟ್ಟರು. ಬಂದವರು ಫೆಲಿಸ್ಮಿನಾ. ದೆಯೊಲಿಂದಾಳ ತಾಯಿ, ಎಪ್ಪತ್ತು ದಾಟಿದ ಮುದುಕಿ, ಅದುಫೆಯ ಹೆಂಗಸರಿಗೆಲ್ಲ ಹಿರಿಯಳು. ಅಳಿಯನ ಕೈಯಲ್ಲಿದ್ದ ಚೌಕಟ್ಟನ್ನು ತೆಗೆದುಕೊಂಡು ತಿರುಗಿಸಿ ನೋಡಿದರು.

"ನಮ್ಮಮ್ಮನದು ಇದು. ಏನು ಮಾಡ್ತಿದ್ದೆ?"

"ಬಿಸಿ ಮಾಡ್ತಿದ್ದೆ, ಅತ್ತೆ."

"ಬಿಸಿ ಮಾಡ್ತಿದ್ಯೋ, ಊಟಕ್ಕೆ ಬೇಯಿಸ್ತಿದ್ಯೋ?"

ಎಲ್ಲರೂ ನಕ್ಕರು. ಎರ್ಮೆಲಿಂದೊ ನಗಲಿಲ್ಲ. ಹರಕೆಯ ವಿಷಯವನ್ನು ಅಲ್ಲಿಯೇ ಎಲ್ಲರೆದುರು ಹೇಳಿಬಿಟ್ಟ. "ಬರಿಗೈಲಿ ಹೋಗಲಾರೆ ಅತ್ತೆ. ನಿಮ್ಮ ಮಗಳು ಇವತ್ತು ಇಲ್ಲಿ ನಿಂತಿದಾಳಲ್ಲ, ಅದಕ್ಕೆ ಹೊತ್ತ ಹರಕೆ. ನಿಮ್ಮ ಸಾಲಿನ ಬಾಲದಲ್ಲಾದ್ರೂ ಒಂದು ಜಾಗ ಕೊಡಿ." ಹೇಳುವಾಗ ಬೂದಿಯ ಮೇಲೆ ಒಂದು ಹನಿ ಜಾರಿತು.

ಹಿಂದಿನಿಂದ ಕುಸ್ತೋದಿಯೊನ ದನಿ ಬಂತು. "ಅದುಫೆನಾ! ಹಾಗಾದ್ರೆ ಒಂದು ಲಂಗಾನೂ ಹೊಲಿಸಿಕೊಡಿ ಅತ್ತಮ್ಮಾ. ಸಾಲಿಗೆ ಹೊಂದಬೇಕಲ್ಲ!"

ಫೆಲಿಸ್ಮಿನಾ ಶಾಲಿನ ಒಳಗೆ ಮೈಕಾವಿಗೆ ಇಟ್ಟುಕೊಂಡಿದ್ದ ತಮ್ಮ ಅದುಫೆಯನ್ನು ತೆಗೆದರು. ಎರಡು ಹೆಬ್ಬೆರಳಲ್ಲಿ ಹಿಡಿದು, ಒಂದು ಮೂಲೆ ಮೇಲೆ ಮಾಡಿ, ನುಡಿಸತೊಡಗಿದರು.

ಆ ಕೈಗಳನ್ನು ಏನೆಂದು ಹೇಳಲಿ! ಆಲಿವ್ ಕೊಯ್ದು, ಕುರಿ ಕರೆದು ಗಂಟುಗಟ್ಟಿದ ಬೆರಳುಗಳು. ಒಂದು ಕೈ ನಡೆಯುವ ಹೆಜ್ಜೆಯನ್ನು ಹೇಳುತ್ತಿತ್ತು. ಇನ್ನೊಂದು ಆ ಹೆಜ್ಜೆಗಳ ನಡುವೆ ಓಡಾಡಿ ಜಾಗವೆಲ್ಲ ತುಂಬುತ್ತಿತ್ತು. ಒಳಗಿನ ಕಾಳು ತಾನೂ ಇದ್ದೇನೆಂದು ದನಿಗೂಡಿಸುತ್ತಿತ್ತು. ಎರಡು ಗೇಣಿನ ಪೆಟ್ಟಿಗೆಯೊಳಗೆ ಇಷ್ಟು ಜನ ಹೇಗೆ ಹಿಡಿಸಿದರು ಎನ್ನಿಸಬೇಕು. ಜೋರೇನೂ ಇರಲಿಲ್ಲ, ಆದರೂ ಬೀದಿಯ ಕೊನೆಯಲ್ಲಿದ್ದವರೂ ಮಾತು ನಿಲ್ಲಿಸಿದರು. ಎರ್ಮೆಲಿಂದೊ ಬಾಯಿ ತೆರೆದು ನಿಂತ. ಇಷ್ಟು ವರ್ಷ ತನ್ನ ಡೊಳ್ಳಿನ ಸದ್ದಿನಲ್ಲಿ ಇದನ್ನು ತಾನೇ ಮುಳುಗಿಸಿದ್ದೆನಲ್ಲ ಎಂದು ಅವನಿಗೆ ನಿಜವಾಗಿಯೂ ನಾಚಿಕೆಯಾಯಿತು. ಕುಸ್ತೋದಿಯೊನ ಬೂಟು ಕೂಡ ನೆಲದ ಮೇಲೆ ತಾಳ ಹಾಕುತ್ತಿತ್ತು. ಯಾರೋ ನೋಡಿದರೆಂದು ಗೊತ್ತಾದ ಮೇಲೆ ನಿಂತಿತು.

"ಗಂಡಸು ಈ ಸಾಲಲ್ಲಿ ಬರಬಹುದಾ ಪಾದ್ರಿಗಳೇ?" ಎಂದು ಔಷಧಿ ಅಂಗಡಿಯಾಕೆ ಕೇಳಿದಳು. ಅವಳಿಗೆ ಎಲ್ಲದಕ್ಕೂ ಅಪ್ಪಣೆ ಬೇಕು.

"ಮಾತೆಗೆ ಬೇಕಾಗಿರೋದು ತಾಳ ತಾಯಿ, ಮೀಸೆ ಇದ್ಯೋ ಇಲ್ವೋ ಅವಳು ನೋಡಲ್ಲ. ನಾನು ಹೋಗಿ ಇನ್ನೊಂದು ಗಲ್ಲ ಕೆರ್ಕೊಂಡು ಬರ್ತೀನಿ. ಗಂಟೆ ಹೊಡೆದಾಯ್ತು, ಇನ್ನೇನು ಹೊರಡೋದೇ."

ಫೆಲಿಸ್ಮಿನಾ ತಮ್ಮ ತೀರಿಹೋದ ತಂಗಿಯ ಅದುಫೆಯನ್ನು ತಂದು ಅಳಿಯನ ಕೈಗೆ ಕೊಟ್ಟು, ಹೊಸ್ತಿಲ ಮೇಲೆ ಕೂರಿಸಿಕೊಂಡು ಒಂದೇ ಒಂದು ತಾಳ ಕಲಿಸಿದರು. "ಹೊಡೀಬೇಡ. ಇದೇನು ಕತ್ತೆಯಲ್ಲ. ಬೆರಳು ಬಿಡು, ಅದು ತಾನೇ ಬೀಳ್ಲಿ." ಮೊದಲ ಸಲ ಅದುಫೆಯ ಮೂಲೆ ಅವನ ಮೂಗಿಗೆ ಬಡಿಯಿತು. ಎರಡನೆಯ ಸಲ ಗಲ್ಲಕ್ಕೆ. ಆಮೇಲೆ ಇದ್ದಕ್ಕಿದ್ದ ಹಾಗೆ ಬೆರಳಿಗೆ ದಾರಿ ಸಿಕ್ಕಿತು. ಸೊಂಟ ಎಲ್ಲಿದೆ ಎನ್ನುವುದೂ ಮರೆತುಹೋಗುವಷ್ಟು ಸುಖವಾಯಿತು ಅವನಿಗೆ.

"ಎಂಥಾ ವಾದ್ಯ ಅತ್ತೆ ಇದು! ಹೂವು ಹಿಡ್ಕೊಂಡ ಹಾಗಿದೆ. ನಾವು ಗಂಡಸರು ಯಾಕೆ ಆ ಪೀಪಾಯಿ ಹೊತ್ಕೊಂಡು ಸಾಯ್ತೀವೋ!"

"ನಿಜವಾಗ್ಲೂ ನಮ್ಮ ಸಾಲಲ್ಲೇ ಬರ್ತೀರಾ?" ದೆಯೊಲಿಂದಾ ಕೇಳಿದಳು.

"ಬರ್ತೀನಿ ಅಂದ್ನಲ್ಲ. ಗುಡಿ ತನಕ. ಇದೇನು ಭಾರವೇ?"

ಅವಳು ಸರಸರನೆ ಒಳಗೆ ಹೋದಳು. ಒಳಗಿನಿಂದ ಅವಳೂ ಪಕ್ಕದ ಮನೆಯವಳೂ ನಗುವುದು ಕೇಳಿಸಿತು. ಬೂದಿ ಮುಖಕ್ಕೆ ನಗುತ್ತಿದ್ದಾರೆಂದು ಅವನು ಮುಖ ತೊಳೆದುಕೊಂಡ.

ಮಂಜು ಹರಿಯಿತು. ಡೊಳ್ಳುಗಳು ಗುಡುಗಿಕೊಂಡು ಮುಂದೆ ಹೋದವು, ಪಲ್ಲಕ್ಕಿ ಎದ್ದಿತು, ಜನ ನಡೆದರು. ಎರ್ಮೆಲಿಂದೊ ಹೆಂಗಸರ ಜೊತೆ ಇಗರ್ಜಿಯ ಹಿಂದಿನ ಮೋಟುಗೋಡೆಯ ಹತ್ತಿರ ನಿಂತು ತನ್ನ ತಾಳವನ್ನು ಮನಸ್ಸಿನಲ್ಲೇ ಎಣಿಸಿಕೊಳ್ಳುತ್ತಿದ್ದ. ಕುತ್ತಿಗೆಗೆ ಪಟ್ಟಿ ಇಲ್ಲ, ಹೊಟ್ಟೆಯ ಮೇಲೆ ಡೊಳ್ಳಿಲ್ಲ. ಹೀಗೂ ಹಬ್ಬ ಮಾಡಬಹುದಲ್ಲ ಎಂದು ಸಂತೋಷವಾಯಿತು.

ಆಗ ಹೆಂಗಸರು ಗೋಡೆಯ ಮೇಲೆ ಹೊದಿಸಿದ್ದ ಬಿಳಿ ಬಟ್ಟೆಗಳನ್ನು ಸರಿಸಿದರು. ಬಟ್ಟೆಯ ಕೆಳಗೆ ಸಾಲಾಗಿ ಬುಟ್ಟಿಗಳು. ಒಬ್ಬೊಬ್ಬಳೂ ಸೊಂಟಕ್ಕೆ ಸಿಕ್ಕಿಸಿದ್ದ ಬಟ್ಟೆ ತೆಗೆದು ಸಿಂಬೆ ಸುತ್ತಿ ತಲೆಯ ಮೇಲಿಟ್ಟುಕೊಂಡಳು. ಇಬ್ಬಿಬ್ಬರು ಕೂಡಿ ಒಬ್ಬಳ ತಲೆಗೆ ಬುಟ್ಟಿ ಎತ್ತಿಕೊಡುತ್ತಿದ್ದರು. ಬುಟ್ಟಿ ಕೂತದ್ದೇ ಅವಳು ಕೈ ಬಿಟ್ಟು ಅದುಫೆ ಹಿಡಿಯುತ್ತಿದ್ದಳು.

"ಇದೇನಿದು?" ಎಂದ ಎರ್ಮೆಲಿಂದೊ.

"ಊರಿನ ಊಟ" ಎಂದಳು ದೆಯೊಲಿಂದಾ. ಅವಳ ತಲೆಯ ಮೇಲೆ ಆಗಲೇ ಒಂದು ಬುಟ್ಟಿ ಇತ್ತು. "ಪ್ರತಿ ವರ್ಷ ಗುಡಿ ಹತ್ರ ಮರದ ಕೆಳಗೆ ಕೂತು ತಿಂತೀರಲ್ಲ, ಅದು."

"ಅದು ಅಬಿಲಿಯೊನ ಟ್ರ್ಯಾಕ್ಟರಲ್ಲಿ ಬರ್ತಿತ್ತಲ್ವಾ?"

"ಆ ಕಲ್ಲುದಾರೀಲಿ, ಹಳ್ಳ ದಾಟ್ಕೊಂಡು, ಟ್ರ್ಯಾಕ್ಟರು!" ಸಾಲಿಗೆ ಸಾಲೇ ನಕ್ಕಿತು. "ನಮ್ಮ ತಲೆ ಮೇಲೆ ಬರ್ತಿತ್ತು ಕಣ್ರೀ. ಮುಂದೆ ಡೊಳ್ಳು ಹೊಡೆಯೋರು ಹಿಂದೆ ತಿರುಗಿ ನೋಡಿದ್ರೆ ತಾನೇ ಗೊತ್ತಾಗೋದು?"

ಗೋಡೆಯ ಮೇಲೆ ಒಂದು ಬುಟ್ಟಿ ಉಳಿದಿತ್ತು. ಎಲ್ಲಕ್ಕಿಂತ ದೊಡ್ಡದು. ಇಡೀ ಸುಟ್ಟ ಆಡಿನ ಮರಿ, ಚೀಸಿನ ಚಕ್ರಗಳು, ಉಪ್ಪುಮೀನಿನ ವಡೆ, ನಡುವೆ ವೈನಿನ ದಪ್ಪ ಹೂಜಿ.

"ಸಾಲಿಗೆ ಹೊಸದಾಗಿ ಬಂದೋರಿಗೆ ಡೊಳ್ಳಿನವರ ಬುಟ್ಟಿ" ಎಂದರು ಫೆಲಿಸ್ಮಿನಾ. "ನಾವೆಲ್ಲ ಹಾಗೇ ಶುರು ಮಾಡಿದ್ದು. ತಿನ್ನೋದ್ರಲ್ಲಿ ನಿಮ್ಮ ಮೇಳನ ಮೀರಿಸೋರಿಲ್ಲ, ಅದಕ್ಕೇ ಸ್ವಲ್ಪ ತೂಕ."

"ಅತ್ತೆ, ನನ್ನ ಸೊಂಟ... ಡಾಕ್ಟರಮ್ಮ..."

"ಏನಂದ್ರು ಡಾಕ್ಟರಮ್ಮ?"

"ಕುತ್ತಿಗೆಗೆ ನೇತುಹಾಕಬಾರದು, ಭುಜದ ಮೇಲೆ ಹೊರಬಾರದು ಅಂದ್ರು."

"ತಲೆ?"

ಸುಳ್ಳು ಹೇಳಲು ಅವನು ಬಾಯಿ ತೆರೆದದ್ದು ನಿಜ. ಆದರೆ ಎದುರಿಗೆ ಅತ್ತೆ ನಿಂತಿದ್ದರು. ಎಪ್ಪತ್ತು ದಾಟಿದ ತಲೆಯ ಮೇಲೆ ಬ್ರೆಡ್ಡಿನ ಬುಟ್ಟಿ, ಕೆಳಗೆ ಮೇಣದಬತ್ತಿಯ ಹಾಗೆ ನೆಟ್ಟಗಿನ ಕುತ್ತಿಗೆ. ಕೈಯಲ್ಲಿ ಅದುಫೆ ಆಗಲೇ ಮೆಲ್ಲಗೆ ನುಡಿಯುತ್ತಿತ್ತು. ಅವರ ಹಿಂದೆ ಊರಿನ ಅಜ್ಜಿಯರೆಲ್ಲ ಹಾಗೆಯೇ ನಿಂತಿದ್ದರು.

"ತಲೆ ವಿಷಯ ಏನೂ ಹೇಳ್ಲಿಲ್ಲ, ಅತ್ತೆ."

ನಾಲ್ವರು ಸೇರಿ ಬುಟ್ಟಿಯನ್ನು ಅವನ ತಲೆಗೆ ಏರಿಸಿದರು. ಸೊಂಟ ಹೇಗೂ ಬಗ್ಗುತ್ತಿರಲಿಲ್ಲ, ಅಷ್ಟರ ಮಟ್ಟಿಗೆ ಅನುಕೂಲವೇ ಆಯಿತು. ಅದುಫೆಗಳು ಒಟ್ಟಿಗೆ ನುಡಿದವು, ಹೆಂಗಸರು ಮಾತೆಯ ಹಾಡು ಎತ್ತಿದರು, ಸಾಲು ಹೊರಟಿತು. ಎರ್ಮೆಲಿಂದೊ ತಾಳ ತಪ್ಪಲಿಲ್ಲ. ತಲೆಯ ಮೇಲೆ ವೈನು ಕುಲುಕುತ್ತಿತ್ತು, ಬೆವರು ಮೀಸೆಯೊಳಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಹಳ್ಳ ದಾಟಿ ದಿಣ್ಣೆ ಹತ್ತುವಾಗ ಮುಂದಿನ ಸಾಲು ಕಣ್ಣಿಗೆ ಬಿತ್ತು. ಕುಸ್ತೋದಿಯೊ ಹೊಟ್ಟೆಯ ಮೇಲೆ ಡೊಳ್ಳು ಕುಣಿಸುತ್ತ, ಹಿಂದೆ ತಿರುಗಿಯೂ ನೋಡದೆ ಹೋಗುತ್ತಿದ್ದ. ಆ ಡೊಳ್ಳು ಎಷ್ಟು ಹಗುರವಾದ ವಾದ್ಯ ಎಂದು ಎರ್ಮೆಲಿಂದೊನಿಗೆ ಅವತ್ತೇ ಮೊದಲು ಗೊತ್ತಾದದ್ದು.