ಕಣ್ಣು ಮುಚ್ಚಿದೊಡನೆ ಬರುವ ಮೊಸಳೆಯವರ ಸನ್ನಿಧಿಗೆ

ದಾಂಡೇಲಿಯ ಕಾಳಿ ನದಿಯ ಬಂಡೆಯೊಂದರ ಮೇಲೆ ಸದಾ ಬಾಯಿ ತೆರೆದುಕೊಂಡೇ ವಾಸವಾಗಿರುವ ಮಹಾಮಾನ್ಯ ಮೊಸಳೆಯವರೇ,

ಕಾಗದ ಕಾರ್ಖಾನೆಯ ಗೇಟಿನೆದುರು ಚಹಾದಂಗಡಿ ಇಟ್ಟುಕೊಂಡಿರುವ ಮೌನೇಶ ಎಂಬ ಐವತ್ತರ ಗೃಹಸ್ಥನು ದೂರದಿಂದ, ಸಾಕಷ್ಟು ದೂರದಿಂದಲೇ, ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವು ಹುಟ್ಟಿದಾಗಿನಿಂದ ಸಾಷ್ಟಾಂಗದಲ್ಲೇ ಇರುವವರಾದ್ದರಿಂದ ನನ್ನ ನಮಸ್ಕಾರದಲ್ಲಿ ತಪ್ಪುಗಳಿದ್ದರೆ ಮನ್ನಿಸಬೇಕು. ತಾವೂ, ತಮ್ಮ ಕುಟುಂಬದವರೂ, ತಮ್ಮ ಹಲ್ಲುಗಳೂ ಕ್ಷೇಮವೆಂದು ನಂಬಿದ್ದೇನೆ. ಸಂಧಿವಾತದಿಂದ ಊದಿಕೊಂಡ ನನ್ನ ಬೆರಳುಗಳು ಪೆನ್ನು ಹಿಡಿಯಲು ಒಪ್ಪದ ಕಾರಣ ಈ ಪತ್ರವನ್ನು ಮೊಬೈಲಿನಲ್ಲಿ ತುಂಡುತುಂಡಾಗಿ ಮಾತಾಡಿ ಕಳಿಸುತ್ತಿದ್ದೇನೆ. ಪಕ್ಕದ ಝೆರಾಕ್ಸ್ ಅಂಗಡಿಯ ನಾಜಿಯಾ ಅದನ್ನು ಕೇಳಿ ಅಚ್ಚುಮಾಡುತ್ತಾಳೆ. “ಕಾಕಾ, ನಿಮ್ಮ ಮಾತ ಕೇಳಿ ನನ್ನ ಮೊಬೈಲ ಬಿಸಿ ಆಗೇತಿ. ಮೊಸಳಿಗೆ ಓದಾಕ ಇಷ್ಟ ಪುರಸೊತ್ತ ಐತೇನ್ರಿ?” ಎಂದು ಆಕೆ ಆಗಲೇ ಕೇಳಿರುವುದರಿಂದ ನೇರ ವಿಷಯಕ್ಕೆ ಬರುತ್ತೇನೆ.

ನನ್ನ ದೂರು ಇಷ್ಟೇ: ಹಳಿಯಾಳದಲ್ಲಿ ಪ್ರತಿ ಶನಿವಾರ ನಾನು ಕಣ್ಣು ಮುಚ್ಚಿ ಮನಸ್ಸನ್ನು ಹಗುರ ಮಾಡಿಕೊಳ್ಳುತ್ತಿರುವಾಗ ತಾವು ಕರೆಯದೇ ಬರುತ್ತೀರಿ.

ಹಿನ್ನೆಲೆ ಹೇಳದಿದ್ದರೆ ತಮಗೆ ಅನ್ಯಾಯವಾದೀತು. ನನ್ನ ಸಂಧಿವಾತ ವಾಸಿಯಾಗುವ ಜಾತಿಯದಲ್ಲ. ಬಂದ ಬೀಗರ ಹಾಗೆ ಬಿಡಾರ ಹೂಡಿಬಿಟ್ಟಿದೆ. ಬೆಳಿಗ್ಗೆ ಎದ್ದರೆ ಕೈಗಳೆರಡೂ ಕಟ್ಟಿಗೆ. ಅಂಗಡಿಯಲ್ಲಿ ಚಹಾ ಕುದಿಸುವ ದೊಡ್ಡ ಕಿಟ್ಲಿಯನ್ನು ಒಲೆಯಿಂದ ಇಳಿಸುವ ಕೆಲಸ ನನ್ನ ಹೆಂಡತಿ ಮಾಲವ್ವನ ಮೇಲೆ ಬಿದ್ದು, ಅವಳ ಸೊಂಟವೂ ಮಾತಾಡತೊಡಗಿದಾಗ ಅವಳು ಒಂದು ಆಜ್ಞೆ ಹೊರಡಿಸಿದಳು: “ಶಿವರಾತ್ರಿ ತನಕಾ ನೋಡ್ತೇನಿ. ಅವತ್ತ ಮುಂಜಾನೆ ನೀವ ಕಿಟ್ಲಿ ಎತ್ತಿದ್ರ ಅಂಗಡಿ ನಿಮ್ಮದು. ಇಲ್ಲಾಂದ್ರ ಸಾತಪ್ಪ ಕುಂದರ್ತಾನ.” ಸಾತಪ್ಪ ಅವಳ ತಮ್ಮ. ಒಳ್ಳೆಯ ಮನುಷ್ಯ, ತೋಳುಗಳು ಬಂಡೆಯಂತಿವೆ, ಮಾತೂ ಬಂಡೆಯಂತೆಯೇ. ಮೊಸಳೆಯವರೇ, ಮಾತಿಲ್ಲದ ಚಹಾದಂಗಡಿಯಲ್ಲಿ ಯಾರಾದರೂ ಎರಡನೆಯ ಕಪ್ಪು ಕುಡಿಯುತ್ತಾರೆಯೇ? ನಾನಿಲ್ಲದ ಆ ಕಟ್ಟೆಯನ್ನು ನೆನೆದರೆ ನನಗೆ ಬೆರಳಿಗಿಂತ ಎದೆಯೇ ಹೆಚ್ಚು ನೋಯುತ್ತಿತ್ತು.

ಡಾಕ್ಟರರು ಗುಳಿಗೆ ಮುಂದುವರಿಸಲು ಹೇಳಿ, ಮನಸ್ಸು ಬಿಗಿದರೆ ಕೀಲೂ ಬಿಗಿಯುತ್ತದೆ, ಹಳಿಯಾಳಕ್ಕೆ ಬರುವ ಆಪ್ತಸಮಾಲೋಚಕಿ ರೂಪಾಲಿ ಮೇಡಂ ಅವರನ್ನು ಕಾಣಿರಿ ಎಂದರು. “ಮನಸ್ಸಿಗೆ ಕೊಡೂ ಔಷಧ ಬಾಯಿಗೂ ಹತ್ತತೈತೇನ್ರಿ?” ಎಂದು ಮಾಲವ್ವ ಕೇಳಿದ್ದನ್ನು ನಾನು ಕೇಳಿಸಿಕೊಳ್ಳದವನಂತೆ ಇದ್ದೆ.

ಮೊದಲ ಶನಿವಾರ ಮುಂಡಗೋಡ, ಜೋಯಿಡಾ, ಹಳಿಯಾಳ, ದಾಂಡೇಲಿಗಳಿಂದ ಸಕ್ಕರೆಯವರು, ದಮ್ಮಿನವರು, ಕೀಲಿನವರು ಎಲ್ಲ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತೆವು. ಮೇಡಂ ಒಂದು ಧ್ವನಿಮುದ್ರಣ ಹಚ್ಚಿದರು. ಜೇನಿನಂಥ ಧ್ವನಿಯೊಂದು ಕಣ್ಣು ಮುಚ್ಚಿಸಿ, ಉಸಿರು ಬಿಡಿಸಿ, ತಣ್ಣನೆಯ ನದಿಯ ದಂಡೆಗೆ ನಮ್ಮನ್ನು ಕರೆದೊಯ್ದು, ಈಗ ಎರಡೂ ಪಾದಗಳನ್ನು ನಿಧಾನವಾಗಿ ನೀರಿಗೆ ಇಳಿಸಿರಿ ಎಂದಿತು. ಮುಂಡಗೋಡದವರು ಸುಖವಾಗಿ ಇಳಿಸಿದರು. ದಾಂಡೇಲಿಯವರಾದ ನಾವು ಮಾತ್ರ, ಯಾರೂ ಯಾರಿಗೂ ಹೇಳದೆ, ಏಕಕಾಲಕ್ಕೆ ಎರಡೂ ಕಾಲುಗಳನ್ನು ಕುರ್ಚಿಯ ಮೇಲೆ ಎತ್ತಿಕೊಂಡೆವು.

“ಮೇಡಂ, ಅಲ್ಲಿ ಬೋರ್ಡ ಹಾಕ್ಯಾರ್ರಿ, ನೀರಿಗೆ ಇಳೀಬ್ಯಾಡ್ರಿ ಅಂತ,” ಎಂದು ದಮ್ಮಿನ ಇಜಾಬೆಲ್ ಬಾಯಿ ಕಣ್ಣು ಮುಚ್ಚಿಕೊಂಡೇ ಹೇಳಿದರು. ಧಾರವಾಡದವರಾದ ಮೇಡಂಗೆ ನೀರೆಂದರೆ ನಲ್ಲಿ. “ಇದು ಮನಸ್ಸಿನ ನದಿ ರೀ, ಇದರಾಗ ಏನೂ ಇರಂಗಿಲ್ಲ,” ಎಂದು ಸಮಾಧಾನ ಮಾಡಿದರು. “ಮನಸ್ಸಿನ್ಯಾಗ ಇರೂದೂ ಕಾಳಿ ನದೀನ ಅಲ್ಲೇನ್ರಿ ಮೇಡಂ?” ಎಂದೆ ನಾನು. “ನಮಗ ಬ್ಯಾರೇ ನದಿ ಎಲ್ಲಿಂದ ತರೂಣು?”

ಅಷ್ಟು ಹೊತ್ತಿಗೆ ತಾವು ನನ್ನ ಕುರ್ಚಿಯ ಕೆಳಗೆ ದಯಮಾಡಿಸಿಯಾಗಿತ್ತು.

ಮುಂದಿನ ಶನಿವಾರ ಮೇಡಂ ನನಗಾಗಿ ಜಾಗ ಬದಲಿಸಿ, ಮುಂಡಗೋಡದ ಬಳಿಯ ಅತ್ತಿವೇರಿ ಪಕ್ಷಿಧಾಮದ ಕೆರೆಯನ್ನೂ ಹಕ್ಕಿಗಳನ್ನೂ ನೆನೆಯಲು ಹೇಳಿದರು. ಹಕ್ಕಿಗಳು ಬಂದವು. ಹಿಂದೆಯೇ ತಾವೂ, ಮುಂಡಗೋಡದ ಬಸ್ಸಿನಿಂದ, ಬಾಗಿಲಿಗೆ ಬಾಲ ಸಿಗದಂತೆ ಜೋಪಾನವಾಗಿ ಎತ್ತಿಕೊಂಡು ಇಳಿದಿರಿ. ಸಂತೆಯ ಜನರ ನಡುವೆ ಕಿಟಕಿಯ ಸೀಟು ಸಿಕ್ಕಿತ್ತೇ ಎಂದು ಕೇಳುವ ಮನಸ್ಸಾಗಿತ್ತು. ಕೊನೆಗೆ ಮೇಡಂ, ಹೋಗಲಿ, ಮನೆಯ ಬಚ್ಚಲಿನ ಬಕೆಟ್ಟಿನಲ್ಲಿ ಕಾಲಿಟ್ಟಂತೆ ಭಾವಿಸಿರಿ ಎಂದರು. ತಾವು ಸ್ಥಳದ ಅಭಾವವನ್ನು ಅರಿತು ಮರಿಯಾಗಿ ಬಂದಿರಿ. ಇಷ್ಟು ಹೊಂದಾಣಿಕೆಯ ಸ್ವಭಾವ ನಮ್ಮ ಬಂಧುಬಳಗದಲ್ಲಿ ಯಾರಿಗೂ ಇಲ್ಲ.

ಆ ದಿನ ಮೇಡಂ ನನ್ನ ಕೈ ನೋಡಿದರು. “ಮೌನೇಶ ಅವರ, ಈ ಖೋಲ್ಯಾಗ ಮೊಸಳಿ ಇಲ್ಲ. ಆದ್ರ ನಿಮ್ಮ ಮುಷ್ಟಿ ನೋಡ್ಕೋರಿ.” ನೋಡಿಕೊಂಡೆ. ಎರಡೂ ಮುಷ್ಟಿಗಳು ಕಲ್ಲಿನಂತೆ ಬಿಗಿದಿದ್ದವು, ಗೆಣ್ಣುಗಳಲ್ಲಿ ನೋವು ನಿಜವಾಗಿಯೇ ಉರಿಯುತ್ತಿತ್ತು. ಇಲ್ಲದ ಮೊಸಳೆಗೆ ಇದ್ದ ಕೈ ಇಷ್ಟು ಹೆದರಿತ್ತು. ಆಗ ಹೊಳೆಯಿತು: ಬೆಳಿಗ್ಗೆ ಹಾಸಿಗೆಯಲ್ಲಿ ಕಣ್ಣು ಬಿಡುವ ಮೊದಲೇ ನನ್ನ ತಲೆಯೊಳಗೆ ಆ ಕಿಟ್ಲಿ ಕುದಿಯುತ್ತಿರುತ್ತದೆ, ಪಕ್ಕದಲ್ಲಿ ಸಾತಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿರುತ್ತಾನೆ, ಮತ್ತು ನಾನು ಆಗಲೇ ಮುಷ್ಟಿ ಬಿಗಿದಿರುತ್ತೇನೆ. ಸಂಧಿವಾತ ಕೊಡುವ ನೋವು ಒಂದು ಪಾಲಾದರೆ ನಾನೇ ಬಡಿಸಿಕೊಳ್ಳುವುದು ಇನ್ನೊಂದು ಪಾಲು. “ಓಡಸಾಕ ಹೋಗಬ್ಯಾಡ್ರಿ. ಬರ್ಲಿ. ಅದು ಏನ ಮಾಡತೈತಿ, ಅಷ್ಟ ನೋಡ್ರಿ,” ಎಂದರು ಮೇಡಂ.

ಹೇಳಿದ್ದನ್ನು ಹೇಳಿದಂತೆ ಮಾಡುವವನು ನಾನು. ಮರುದಿನ ಬೆಳಿಗ್ಗೆಯೇ ಕಾಳಿಯ ಸೇತುವೆಯ ಮೇಲೆ ಬಂದು ನಿಂತು ತಮ್ಮನ್ನು ನೋಡಿದೆ. ಚಳಿ ಇತ್ತು. ತಾವು ಬಂಡೆಯ ಮೇಲೆ ಬಾಯಿ ತೆರೆದು ಬಿದ್ದಿದ್ದಿರಿ. ಮೈ ಕಾಯುವವರೆಗೆ ತಾವು ಅಲುಗಾಡುವವರಲ್ಲ ಎಂಬುದು ನಮ್ಮೂರಿನಲ್ಲಿ ಸಕಲರಿಗೂ ಗೊತ್ತು, ನನಗೂ ಗೊತ್ತಿತ್ತು. ಆದರೆ ಅಂದು ಮೊದಲ ಸಲ ತಮ್ಮನ್ನೊಮ್ಮೆ, ನನ್ನ ಕೈಗಳನ್ನೊಮ್ಮೆ ನೋಡಿದೆ. ಅಯ್ಯೋ ಪುಣ್ಯಾತ್ಮರೇ, ತಾವೂ ಬೆಳಿಗ್ಗೆ ಕಟ್ಟಿಗೆಯೇ! ಅದಕ್ಕಾಗಿ ತಮಗೆ ಚೂರೂ ನಾಚಿಕೆ ಇಲ್ಲ. ಬೆನ್ನ ಮೇಲೆ ಬೆಳ್ಳಕ್ಕಿ ಕುಳಿತು ಹೇತರೂ ಚಿಂತೆಯಿಲ್ಲ. ನಾಳಿನ ಮೀನಿನ ಲೆಕ್ಕವಿಲ್ಲ, ಭಾಮೈದನ ಭಯವಿಲ್ಲ. ಮೇಡಂ ವಾರಗಟ್ಟಲೆ ಕಲಿಸಲು ಹೆಣಗುತ್ತಿದ್ದುದನ್ನು ತಾವು ಯಾವ ಧ್ವನಿಮುದ್ರಣವೂ ಇಲ್ಲದೆ ಸಾಧಿಸಿದ್ದೀರಿ.

ಅಂದಿನಿಂದ ನಾನೂ ಅಂಗಡಿಯ ಮೆಟ್ಟಿಲ ಮೇಲೆ, ಬಿಸಿಲು ಬಿದ್ದ ಕಡೆ, ಕೈಗಳನ್ನು ಚಾಚಿ, ಗುರುಗಳಾದ ತಮ್ಮಂತೆಯೇ ಬಾಯಿ ತೆರೆದು ಕೂರತೊಡಗಿದೆ. “ಬಾಯಿ ಮುಚ್ಚರಿ, ಗಿರಾಕಿ ಹಲ್ಲ ಎಣಸಾಕತ್ತಾರ,” ಎಂದಳು ಮಾಲವ್ವ. ಆದರೂ ಬೆರಳುಗಳು ಬೇಗ ಬಿಚ್ಚಿಕೊಳ್ಳತೊಡಗಿದವು.

ಶಿವರಾತ್ರಿಯ ಬೆಳಿಗ್ಗೆ ಮಾಲವ್ವ ತುಂಬಿದ ಕಿಟ್ಲಿಯನ್ನು ಒಲೆಯ ಮೇಲಿಟ್ಟು ಪಕ್ಕಕ್ಕೆ ನಿಂತಳು. ಸಾತಪ್ಪ ಇಸ್ತ್ರಿ ಅಂಗಿಯಲ್ಲಿ ಬಂದು ನಿಂತಿದ್ದ. ಕಣ್ಣು ಮುಚ್ಚಿದೆ. ತಾವು ಬಂದಿರಿ. ಬರ್ರಿ, ಕುಂದರ್ರಿ, ಎಂದೆ ಮನಸ್ಸಿನಲ್ಲೇ. ಮುಷ್ಟಿ ಬಿಚ್ಚಿತು. ಹಿಡಿಕೆಗೆ ಕೈ ಹಾಕಿ ಎತ್ತಿದೆ.

ಕಿಟ್ಲಿ ಏಳಲಿಲ್ಲ. ಸುಳ್ಳು ಹೇಳಿ ತಮ್ಮ ಕೀರ್ತಿ ಹೆಚ್ಚಿಸುವುದು ನನ್ನಿಂದಾಗದು. “ಇವತ್ತ ಆಗಂಗಿಲ್ಲ, ಮಾಲಾ,” ಎಂದೆ. ನೆಪವಿಲ್ಲ, ಬೈಗುಳವಿಲ್ಲ, ವಿವರಣೆಯಿಲ್ಲ. ಅವಳು ಗಾಬರಿಯಿಂದ ನನ್ನ ಹಣೆ ಮುಟ್ಟಿ ನೋಡಿದಳು. “ಇಷ್ಟನ? ಮುಂದಿನ ಮಾತ ಹೇಳ್ರಿ!”

ಸಾತಪ್ಪ ಒಂದೇ ಕೈಯಲ್ಲಿ ಕಿಟ್ಲಿ ಇಳಿಸಿ ಚಹಾ ಕೊಡಲು ನಿಂತ. ಪಾಳಿ ಮುಗಿಸಿ ಬಂದ ಕಾರ್ಖಾನೆಯವರು ಒಂದೊಂದು ಗುಟುಕು ಕುಡಿದು, ಅವನ ಮುಖ ನೋಡಿ, ಗೋಡೆ ನೋಡಿ, “ಮೌನೇಶಣ್ಣಗ ಏನಾತು? ತೀರಿ ಹ್ವಾದ್ರೇನು?” ಎಂದು ಮೆಲ್ಲಗೆ ಕೇಳತೊಡಗಿದರು. ಮಾಲವ್ವ ಹಣೆ ಚಚ್ಚಿಕೊಂಡು ತೀರ್ಪು ಕೊಟ್ಟಳು: “ಎತ್ತಾಂವ ಎತ್ತಲಿ, ಮಾತಾಡಾಂವ ಮಾತಾಡ್ಲಿ. ಬಿಸಲ ಬಂದ ಮ್ಯಾಲ ಅಂಗಡಿ ತಗಿಯೂಣು.” ಈಗ ಸಾತಪ್ಪ ಇಳಿಸುತ್ತಾನೆ, ನಾನು ಸಣ್ಣ ಕಿಟ್ಲಿಯಿಂದ ಸುರಿಯುತ್ತೇನೆ. ನೋವು ಇದೆ. ನಾನೂ ಇದ್ದೇನೆ.

ಆದ್ದರಿಂದ ದೂರನ್ನು ಪೂರ್ತಿ ಹಿಂಪಡೆಯದೆ, ಕೆಲವು ಕೋರಿಕೆಗಳನ್ನಷ್ಟೇ ಮುಂದಿಡುತ್ತೇನೆ. ಶನಿವಾರಗಳಂದು ಬರುವಾಗ ದಯವಿಟ್ಟು ಹಲ್ಲುಗಳನ್ನು ಬಂಡೆಯ ಮೇಲೆ ಬಿಟ್ಟು ಬರಬೇಕು. ಬೇಸರವಾದರೆ ಗಣೇಶಗುಡಿಯ ಕಡೆ ತೆಪ್ಪದ ಪ್ರವಾಸಿಗರ ಮನಸ್ಸಿಗೂ ಹೋಗಿ ಬರಬಹುದು. ಅವರು ಹೆದರಲೆಂದೇ ದೂರದಿಂದ ಬಂದಿರುತ್ತಾರೆ. ಇಜಾಬೆಲ್ ಬಾಯಿಯವರ ಕುರ್ಚಿಯ ಕೆಳಗೆ ಮಾತ್ರ ಹೋಗಬಾರದು. ಅವರ ಕೈಯಲ್ಲಿ ಯಾವಾಗಲೂ ಕೊಡೆ ಇರುತ್ತದೆ.

ತಮ್ಮ ಬಿಸಿಲಿಗೆ ಯಾರೂ ಅಡ್ಡ ನಿಲ್ಲದಿರಲಿ ಎಂದು ಹಾರೈಸುವ,

ತಮ್ಮ ವಿಶ್ವಾಸಿ (ಸೇತುವೆಯ ಮೇಲಿನಿಂದ),
ಮೌನೇಶ

ತಾ.ಕ.: ನಮ್ಮ ಕಾಲುಗಳ ಗಲಾಟೆಗೆ ಬೇಸತ್ತು ರೂಪಾಲಿ ಮೇಡಂ ನದಿಯ ಧ್ವನಿಮುದ್ರಣವನ್ನೇ ಕೈಬಿಟ್ಟು, ದಟ್ಟ ಕಾಡಿನ ಕಾಲುದಾರಿಯಲ್ಲಿ ಒಬ್ಬರೇ ಹಾಯಾಗಿ ನಡೆಯುವ ಹೊಸದೊಂದನ್ನು ತಂದಿದ್ದಾರೆ. ನಿನ್ನೆ ಅದನ್ನು ಹಚ್ಚಿದೊಡನೆ ಜೋಯಿಡಾದ ಜ್ಯೋತಿಬಾ ಕಣ್ಣು ಮುಚ್ಚಿಕೊಂಡೇ ಕುರ್ಚಿಯ ಮೇಲೆ ಹತ್ತಿ ನಿಂತರು. ತಮಗೆ ಕರಡಿಯವರ ಪರಿಚಯವಿದ್ದರೆ ದಯವಿಟ್ಟು ಒಂದು ಮಾತು ಹೇಳಿಡಿ.