ಮೇಲಿನ ಗೋಡೆ, ಕೆಳಗಿನ ಗೋಡೆ

ಮದುವೆಗೆ ಬರುವವರೆಲ್ಲ ವಧೂವರರನ್ನು ನೋಡಲು ಬರುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ನಾನೂ ಹಾಗೆ ಹೋದವಳಲ್ಲ. ಮಂಡೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದ ಕಾಲದಿಂದಲೂ ನನಗೆ ಮದುವೆ ಎಂದರೆ ಮೊದಲ ಪಂಕ್ತಿ. ಎರಡನೆಯ ಪಂಕ್ತಿಗೆ ಹೋಳಿಗೆ ಸಣ್ಣದಾಗುತ್ತದೆ, ಮೂರನೆಯದಕ್ಕೆ ಬಡಿಸುವವರ ಮುಖ ಸಣ್ಣದಾಗುತ್ತದೆ. ನಮ್ಮ ಕಡೆ ಉಣ್ಣುತ್ತಿರುವವರ ಕುರ್ಚಿಯ ಬೆನ್ನು ಹಿಡಿದು ನಿಂತರೆ ಮುಂದಿನ ಪಂಕ್ತಿಗೆ ಆ ಕುರ್ಚಿ ನಿಮ್ಮದು. ಕೂತವನು ಇನ್ನೊಂದು ಸಲ ಅನ್ನ ಹಾಕಿಸಿಕೊಂಡರೆ ಅವನ ಬೆನ್ನ ಹಿಂದೆ ನಿಟ್ಟುಸಿರು ಕೇಳಿಸುತ್ತದೆ. ಮಂಡಿ ಗಟ್ಟಿ ಇದ್ದಾಗ ನಾನೂ ಈ ಕೆಲಸದಲ್ಲಿ ಯಾರಿಗೂ ಕಡಿಮೆಯವಳಾಗಿರಲಿಲ್ಲ. ಈಗ ನಿಲ್ಲಲಿಕ್ಕೆ ಆಗುವುದಿಲ್ಲ. ರಗಳೆ ಶುರುವಾದದ್ದೇ ಅಲ್ಲಿಂದ.

ಮೊಮ್ಮಗಳು ಪ್ರತಿಮಾಳ ಮದುವೆ ತಲ್ಲೂರಿನ ಒಂದು ಹಾಲಿನಲ್ಲಿ. ಮಂಟಪ ಮೇಲಿನ ಮಹಡಿಯಲ್ಲಿ, ಊಟ ಕೆಳಗೆ. ನನ್ನ ಮಗಳು ಗಿರಿಜಳಿಗೆ ಇದ್ದದ್ದು ಒಂದೇ ಚಿಂತೆ. ಅವಳ ದೊಡ್ಡ ಮಗಳ ಮದುವೆಯಲ್ಲಿ ಧಾರೆಯ ಹೊತ್ತಿಗೆ ಜನರೆಲ್ಲ ಊಟಕ್ಕೆ ಇಳಿದುಬಿಟ್ಟಿದ್ದರು. ಆಲ್ಬಮ್ ತೆರೆದರೆ ಕೆಂಪು ಪ್ಲಾಸ್ಟಿಕ್ ಕುರ್ಚಿಗಳೇ ಸಾಲಾಗಿ ಕೂತು ಆಶೀರ್ವಾದ ಮಾಡುತ್ತಿವೆ. ಆ ಆಲ್ಬಮನ್ನು ಅವಳು ಕಪಾಟಿನಿಂದ ಹೊರಗೆ ತೆಗೆಯುವುದೇ ಇಲ್ಲ. ಈ ಸಲ ಊಟ ಧಾರೆ ಆದ ಮೇಲೆಯೇ ಎಂದು ಕಟ್ಟುನಿಟ್ಟು ಮಾಡಿದ್ದಳು. ದೂರದ ಬಸ್ಸು ಹಿಡಿಯುವ ಕೆಲವರನ್ನು ಮಾತ್ರ ಸದ್ದಿಲ್ಲದೆ ಮೊದಲ ಪಂಕ್ತಿಗೆ ಕೂರಿಸುವ ಏರ್ಪಾಡು. ಅವರಿಗೆ ಧಾರೆ ತಪ್ಪಬಾರದೆಂದು ಊಟದ ಹಾಲಿನ ಗೋಡೆಗೊಂದು ಪ್ರೊಜೆಕ್ಟರ್, ಮೇಲೆ ಮಂಟಪದ ಪಕ್ಕದ ಗೋಡೆಗೊಂದು ಪ್ರೊಜೆಕ್ಟರ್.

ಎರಡನ್ನೂ ನಡೆಸುವವಳು ಬ್ರಹ್ಮಾವರದ ಸುಜಾತ. ಗಂಡ ಮಂಟಪದಲ್ಲಿ ಕ್ಯಾಮೆರಾ ಹಿಡಿಯುತ್ತಾನೆ, ಇವಳು ಹಾಲಿನ ಮೂಲೆಯಲ್ಲಿ ಒಂದು ಪೆಟ್ಟಿಗೆಯ ಮುಂದೆ ಕೂರುತ್ತಾಳೆ. ಪೆಟ್ಟಿಗೆಯಲ್ಲಿ ಗುಂಡಿಗಳು ಎರಡು ಸಾಲು. ಮೇಲಿನ ಸಾಲು ಮೇಲಿನ ಗೋಡೆಗೆ, ಕೆಳಗಿನ ಸಾಲು ಕೆಳಗಿನ ಗೋಡೆಗೆ. ಮಂಟಪದ ಕ್ಯಾಮೆರಾಕ್ಕೆ ಕೆಂಪು ಬೊಟ್ಟು, ಕಂಪ್ಯೂಟರಿನ ಫೋಟೋಗಳಿಗೆ ಹಳದಿ, ಊಟದ ಹಾಲಿನಲ್ಲಿ ಅವರ ಹುಡುಗನೊಬ್ಬ ಹಿಡಿದ ಕ್ಯಾಮೆರಾಕ್ಕೆ ಹಸಿರು ಎಂದು ಹಣೆಗಿಡುವ ಬೊಟ್ಟುಗಳನ್ನೇ ಅಂಟಿಸಿಕೊಂಡಿದ್ದಳು. ಮೂಲೆಯಲ್ಲಿ ಫ್ಯಾನಿತ್ತು, ಮೆತ್ತೆ ಹಾಕಿದ ಕುರ್ಚಿ ಇತ್ತು. ನಾನು ಹೋಗಿ ಕೂತೆ.

"ಕೂಕಣಿ ಅಮ್ಮಮ್ಮ. ಆರೆ ಗುಂಡಿ ಮಾತ್ರ ಮುಟ್ಟುಕಾಗ," ಎಂದಳು.

"ನಂಗೆಂತಕ್ಕೆ ನಿನ್ ಗುಂಡಿ? ಅಲ್ಲ ಹೆಣೆ, ಕೆಳಗ್ ಊಟದ್ ಹಂತಿ ಕೂತಿತಾ ಅಂತ ಇಲ್ಲಿಂದ್ಲೇ ಕಾಂಬುಕ್ ಆತ್ತಾ?"

"ಹಸಿರ್ ಬೊಟ್ಟ್ ಒತ್ರೆ ಕಾಣತ್. ಈಗ ಬ್ಯಾಡ, ಧಾರೆ ಆಯ್ಲಿ."

ಅಷ್ಟರಲ್ಲಿ ಮಂಟಪದಿಂದ ಗಂಡ ಕೈ ಬೀಸಿದ. ಅವನ ಲೈಟು ಕೆಟ್ಟಿತ್ತಂತೆ. ಅವಳು ಓಡಿದಳು. ನಾನು ಹಸಿರು ಬೊಟ್ಟನ್ನು ನೋಡಿದೆ, ಅದು ನನ್ನನ್ನು ನೋಡಿತು. ಅವಳ ಮುಂದಿದ್ದ ಸಣ್ಣ ಟಿ.ವಿ.ಯಲ್ಲಿ ನನಗೊಬ್ಬಳಿಗೆ ಕಾಣುತ್ತದೆ ಎಂದುಕೊಂಡು ಮೇಲಿನ ಸಾಲಿನದನ್ನು ಒತ್ತಿದೆ.

ಮಂಟಪದ ಪಕ್ಕದ ಗೋಡೆಯ ತುಂಬ ಒಂದು ಹೋಳಿಗೆ ಕಾಣಿಸಿಕೊಂಡಿತು. ಅದರ ಮೇಲೆ ತುಪ್ಪ ಬಿತ್ತು. ಭಟ್ಟರ ಮಂತ್ರವೂ ಒಂದು ಗಳಿಗೆ ತಡೆಯಿತು.

"ಹ್ವಾಯ್, ಹೋಳ್ಗಿ ಬಡಿಸ್ತಿದ್ರ್! ಏಳಿ, ಏಳಿ!" ಎಂದು ಯಾರೋ ಕೂಗಿದ್ದೇ ತಡ, ಹಾಲಿಗೆ ಹಾಲೇ ಎದ್ದಿತು. ಕುರ್ಚಿಗಳು ಕಿರುಗುಟ್ಟಿದವು. ಮೆಟ್ಟಿಲ ಮೇಲೆ ರೇಷ್ಮೆ ಸೀರೆಗಳ ನೂಕುನುಗ್ಗಲು. ಗಿರಿಜ ಮಂಟಪದಿಂದ ಇಳಿದು ಬಂದಳು.

"ಅಬ್ಬಿ! ನೀ ಎಂತ ಮಾಡ್ದೆ?"

"ನಾ ಎಂತ ಮಾಡ್ದೆ? ಗೋಡೆ ಮಾಡ್ದದ್ದ್."

"ಈಗ ಧಾರೆ ಯಾರ್ ಕಾಂತ್ರ್? ಮತ್ತೆ ಕುರ್ಚಿಯಾ?" ಎಂದವಳ ಕಣ್ಣಲ್ಲಿ ನೀರು. ಭಟ್ಟರು ಕರೆದರು, ಮೂಗು ಒರೆಸಿಕೊಂಡು ಹೋದಳು.

ಎರಡು ಬುಟ್ಟಿ ಇದ್ದರೆ ಯಾವುದನ್ನು ಯಾರ ಎದುರು ತೆರೆಯಬೇಕು ಎನ್ನುವುದೇ ಮೀನಿನ ವ್ಯಾಪಾರ. ಬಂಗುಡೆಗೆ ಬಂದವರ ಎದುರು ದುಬಾರಿ ಅಂಜಲ್ ತೆರೆದಿಟ್ಟರೆ ಅವರು ಬಂಗುಡೆಯನ್ನೂ ಕೊಳ್ಳದೆ ಎದ್ದು ಹೋಗುತ್ತಾರೆ. ನಾನು ತೆರೆದ ಬುಟ್ಟಿ ಸರಿಯಾಗಿಯೇ ಇತ್ತು, ತೆರೆದ ಜಾಗ ತಪ್ಪಿತ್ತು. ಹಾಗಾದರೆ ಇದೇ ಬುಟ್ಟಿಯನ್ನು ಕೆಳಗೆ ತೆರೆದರೆ? ಸುಜಾತ ಇನ್ನೂ ಗಂಡನ ಪಕ್ಕ ಲೈಟು ಹಿಡಿದೇ ನಿಂತಿದ್ದಳು. ಕೆಳಗಿನ ಸಾಲಿನ ಹಸಿರು ಬೊಟ್ಟನ್ನೂ ಒತ್ತಿದೆ.

ಈಗ ಊಟದ ಹಾಲಿನ ಗೋಡೆಯ ಮೇಲೆ ಊಟದ ಹಾಲಿನವರೇ ಕಾಣಿಸಿಕೊಂಡರು. ಮೇಲಿನ ಗೋಡೆಯಲ್ಲೂ ಅದೇ ಇತ್ತಲ್ಲ, ನಾನು ಕೂತಲ್ಲಿಂದಲೇ ನೋಡುತ್ತಿದ್ದೆ. ಸಿಕ್ಕಿದ ಕುರ್ಚಿಗೆ ಕೂತವರು ಕೂತಿದ್ದರು, ಮಿಕ್ಕವರು ಅವರ ಹಿಂದೆ ನಿಂತಿದ್ದರು. ಸಭೆ ಸಮಾರಂಭಗಳಲ್ಲಿ ಶಿಸ್ತಿನ ಬಗ್ಗೆ ಮಾತಾಡುವ ನಮ್ಮ ಅಳಿಯನ ದೊಡ್ಡಪ್ಪ ಒಂದು ಕುರ್ಚಿಯ ಬೆನ್ನು ಹಿಡಿದು, ಬಾಯಿ ತುಸು ತೆರೆದು, ಕೂತವನ ಎಲೆಯನ್ನೇ ನೋಡುತ್ತಿದ್ದರು. ಬೈಂದೂರಿನಿಂದ ಬಂದ ಗಂಡಿನ ಸೋದರತ್ತೆ ಎರಡು ಕೈಗೆ ಎರಡು ಕುರ್ಚಿ ಹಿಡಿದಿದ್ದಳು. ಮೊದಲು ದೊಡ್ಡಪ್ಪ ತಲೆ ಎತ್ತಿ ಗೋಡೆಯ ಮೇಲೆ ತಮ್ಮನ್ನು ಕಂಡರು. ಕುರ್ಚಿ ಬಿಸಿಯಾಗಿದೆಯೇನೋ ಎಂಬಂತೆ ಕೈ ತೆಗೆದರು, ಶಾಲು ಸರಿಮಾಡಿಕೊಂಡರು, ಕೈ ತೊಳೆಯಲು ಬಂದವರ ಹಾಗೆ ಅತ್ತಿತ್ತ ನೋಡಿ ಮೆಟ್ಟಿಲ ಕಡೆ ನಡೆದರು. ಆಮೇಲೆ ಅತ್ತೆ. ಆಮೇಲೆ ಕೂತವರಲ್ಲೂ ಬಸ್ಸಿನವರನ್ನು ಬಿಟ್ಟು ಒಬ್ಬೊಬ್ಬರೇ. ಬಸ್ಸಿನವರೋ ಇಷ್ಟು ಜನ ನೋಡುತ್ತಾರೆಂಬ ಗಾಬರಿಗೆ ಬೇಗ ಬೇಗ ಉಂಡು ಎದ್ದರು. ವಾದ್ಯದವರು ಜೋರು ಮಾಡುವ ಹೊತ್ತಿಗೆ ಮೇಲಿನ ಹಾಲು ಭರ್ತಿ. ಗಿರಿಜಳ ಮುಖ ಅರಳಿತು.

ನಾನು ಗೋಡೆ ನೋಡಿದೆ. ಕೆಳಗೆ ಹೊಸ ಎಲೆ ಹಾಕಿಟ್ಟಿದ್ದಾರೆ. ಉಣ್ಣಲು ಒಂದು ನರಪಿಳ್ಳೆ ಇಲ್ಲ. ಈಗ ಹೋದರೆ ನಿಲ್ಲಬೇಕಾಗಿಲ್ಲ. ಮೊಮ್ಮಗಳ ಧಾರೆ ನೋಡದಷ್ಟು ಕಟುಕಳೇನೂ ನಾನಲ್ಲ. ಕೆಳಗಿನ ಸಾಲಿನ ಕೆಂಪು ಬೊಟ್ಟು ಒತ್ತಿ, ಕೆಳಗಿನ ಗೋಡೆಗೆ ಮಂಟಪವನ್ನು ತರಿಸಿಟ್ಟೇ ಮೆಟ್ಟಿಲು ಇಳಿದೆ.

ಹೋಳಿಗೆ ದೊಡ್ಡದೇ ಇತ್ತು. ಕಣ್ಣ ಮುಂದೆ ಗೋಡೆಯಲ್ಲಿ ಪ್ರತಿಮಾ ತಲೆ ತಗ್ಗಿಸಿ ನಿಂತಿದ್ದಳು, ಗಿರಿಜ ಧಾರೆ ಎರೆಯುತ್ತಿದ್ದಳು. ಅವರ ಹಿಂದೆ, ಮಂಟಪದ ಪಕ್ಕ, ಯಾರೋ ಒಬ್ಬಳು ಮುದುಕಿ ಗೋಡೆಯಷ್ಟು ದೊಡ್ಡದಾಗಿ ಕೂತು ತಿನ್ನುತ್ತಿದ್ದಳು. ಇಂಥ ಹೊತ್ತಿನಲ್ಲಿ ಇವಳಿಗೆಂಥ ಹಸಿವು ಎಂದುಕೊಂಡು ಇನ್ನೊಂದು ತುಂಡು ಬಾಯಿಗಿಟ್ಟೆ. ಅವಳೂ ಇಟ್ಟಳು. ಸೀರೆಯ ಅಂಚು ನೋಡಿದ ಮೇಲೆ ನನಗೆ ಹೊಳೆಯಿತು, ಮೇಲಿನ ಗೋಡೆಯ ಹಸಿರು ಹಾಗೆಯೇ ಉಳಿದಿದೆ.

ಏಳಲೇ ಎಂದುಕೊಂಡೆ. ಅಷ್ಟರಲ್ಲಿ ಪಾಯಸ ಬಂತು.

ಊಟಕ್ಕೆ ಇಳಿದು ಬಂದ ಸೋದರತ್ತೆ ನನ್ನ ಕುರ್ಚಿಯ ಬೆನ್ನು ಹಿಡಿದು ಕೇಳಿದಳು: "ಹ್ವಾಯ್ ಅಮ್ಮಾ, ನಮ್ಮನ್ನೆಲ್ಲ ಮೇಲ್ ಹತ್ಸಿ ನೀವ್ ಕೂಕಂಡ್ ಉಂಡ್ರಿ ಅಲ್ದಾ?"

"ನೀವ್ ನಿಂತ್ಕಂಬ್ರಿ, ನಂಗ್ ಮಂಡಿ ಇಲ್ಲ ಮಾರಾಯ್ತಿ," ಎಂದೆ.

ಈ ಆಲ್ಬಮನ್ನು ಗಿರಿಜ ಮನೆಗೆ ಬಂದವರಿಗೆಲ್ಲ ತೋರಿಸುತ್ತಾಳೆ. ಹಾಲು ತುಂಬ ಜನ, ಕುರ್ಚಿ ಒಂದೂ ಖಾಲಿ ಇಲ್ಲ ಎನ್ನುತ್ತಾಳೆ. ಸರಿಯಾಗಿ ನೋಡಿದರೆ ಒಂದು ಖಾಲಿ ಇದೆ. ಮೂಲೆಯಲ್ಲಿ, ಫ್ಯಾನಿನ ಕೆಳಗೆ, ಮೆತ್ತೆ ಹಾಕಿದ್ದು. ಅದರಲ್ಲಿ ಕೂತಿರಬೇಕಾದವಳು ಎಲ್ಲಿ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಮುಂದಿನ ಪುಟದಲ್ಲಿ ವಧೂವರರಿಗಿಂತ ದೊಡ್ಡದಾಗಿ ಬಾಯಿ ತೆರೆದುಕೊಂಡು ಕೂತಿದ್ದೇನಲ್ಲ.