ಮನ್ಯಾಗ ಕೇಳಿ ಹೇಳ್ತೇನಿ

ಕೊಣ್ಣೂರಿನ ಖಂಡೆಪ್ಪನ ಹೆಗಲಿಗೆ ಬೆಳಿಗ್ಗೆ ಎದ್ದ ಕೂಡಲೇ ದೇಶದ ಭಾರ ಬಿತ್ತು. ಯಾವುದೋ ಹೊರದೇಶಗಳ ವ್ಯಾಪಾರ ಒಪ್ಪಂದಕ್ಕೆ ನಮ್ಮ ಸರಕಾರ ಸೇರಬೇಕೋ ಬೇಡವೋ ಅಂತ ಕುರಿಗಾರರನ್ನು ಕೇಳಲು ದೀಪಾ ಮೇಡಂ ಅನ್ನುವ ಅಧಿಕಾರಿ ಬರುವವರಿದ್ದರು. ಸೇರಿದರೆ ಅಲ್ಲಿಯ ಉಣ್ಣೆ ಸುಂಕವಿಲ್ಲದೆ ಇಲ್ಲಿಗೆ ಬರುತ್ತದೆ, ಇಲ್ಲಿಯ ಉಣ್ಣೆಯ ದರ ಬೀಳುತ್ತದೆ. ಊರಿನ ಪರವಾಗಿ ಮಾತಾಡಲು ಖಂಡೆಪ್ಪನೇ ಯಾಕೆ? ಎರಡು ವರ್ಷದ ಉಣ್ಣೆಯನ್ನು ಪಡಸಾಲೆ ತುಂಬ ಒಟ್ಟಿಕೊಂಡು ಕೂತವನು ಅವನೊಬ್ಬನೇ. ಒಳ್ಳೆ ದರ ಬರಲಿ ಅಂತ ಕಾಯ್ದು ಕಾಯ್ದು, ಹೆಂಡತಿ ಶೆಟ್ಟೆವ್ವ ಥಂಡಿಯಲ್ಲಿ ಅಂಗಳದಲ್ಲಿ ಮಲಗುವ ಹಾಗೆ ಮಾಡಿದ್ದ, ಪುಣ್ಯಾತ್ಮ!

"ಬ್ಯಾಡ ಅಂತ ಕಡ್ಡಿ ಮುರಿದಂಗ ಹೇಳಿ ಬರ್ತೇನಿ" ಅಂತ ತಲೆಗೆ ಪಟಕಾ ಸುತ್ತಿ ಹೊರಟ. ಬಾಜೂ ಮನೆಯ ಸಿದ್ರಾಯ ಬಾಗಿಲಲ್ಲೇ ತಡೆದ.

"ಹುಚ್ಚ ಹಿಡದೈತೇನ ಕಾಕಾ ನಿಮಗ? ಬ್ಯಾಡ ಅಂದ್ರ ಸರಕಾರಕ್ಕ ಸಿಟ್ಟ ಬರತೈತಿ, ನಿಮ್ಮ ಕುರಿ ಶೆಡ್ಡಿನ ಅರ್ಜಿ ಮೂಲಿ ಸೇರತೈತಿ. ಹೂಂ ಅಂದ್ರ ಊರ ಮಂದಿ ಬಿಡೂದಿಲ್ಲ. ಕನ್ಯಾ ನೋಡಾಕ ಹೋದಾಗ ಏನಂತೇವಿ? ಮನ್ಯಾಗ ಕೇಳಿ ಹೇಳ್ತೇವಿ ಅಂತೇವಿ. ಹಂಗ ಅಂದ ಪಾರಾಗ್ರಿ."

ಈ ಸೀಮೆಯಲ್ಲಿ ಆ ಮಾತು ಕಿವಿಗೆ ಬಿದ್ದರೆ ಹೆಣ್ಣಿನ ಕಡೆಯವರು ಸುಮ್ಮನೆ ಬೇರೆ ವರ ಹುಡುಕುತ್ತಾರೆ. ಬೆಂಗಳೂರಿನ ಮೇಡಂಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು! ಸಭೆ ಕೂಡಿದ ಕೂಡಲೇ ಅವರು ಖಂಡೆಪ್ಪನನ್ನೇ ಕೇಳಿದರು.

"ಒಪ್ಪಂದಕ್ಕೆ ಸೇರೋಣ್ವಾ ಯಜಮಾನ್ರೇ?"

"ಮನ್ಯಾಗ ಕೇಳಿ ಹೇಳ್ತೇನ್ರಿ."

"ಅಂದ್ರೆ ಬೇಡ ಅಂತೀರಾ?"

"ಹಂಗೂ ಅಲ್ಲರಿ. ಮನ್ಯಾಗ ಕೇಳಿ..."

"ಹೋಗ್ಲಿ, ಚಹಾ ತಗೋತೀರಾ?"

"ಮನ್ಯಾಗ ಕೇಳಿ ಹೇಳ್ತೇನ್ರಿ!" ಗಾಬರಿಯಲ್ಲಿ ಬಾಯಿ ಜಾರಿತು. ಸಭೆ ಹೋ ಎಂದು ನಕ್ಕಿತು. ಚಹಾ ಸಿದ್ರಾಯನ ಪಾಲಾಯಿತು.

ಮೇಡಂ ಮಾತ್ರ ನಗಲಿಲ್ಲ, ಕಣ್ಣರಳಿಸಿ ನೋಡಿದರು. "ಹೆಂಡ್ತೀನ ಕೇಳದೆ ಮಾತಾಡದ ಗಂಡಸನ್ನ ಇವತ್ತೇ ನೋಡಿದ್ದು. ನಡೀರಿ, ಈಗಲೇ ಕೇಳೋಣ!"

ಖಂಡೆಪ್ಪ ಅವಸರದಲ್ಲಿ ಅಡ್ಡ ಬಂದ. "ಆಕಿ ಹೊಲಕ್ಕ ಹೋಗ್ಯಾಳ್ರಿ."

"ಇಲ್ಲ ಇಲ್ಲ, ಮನ್ಯಾಗ ಅದಾಳ್ರಿ" ಅಂದ ಸಿದ್ರಾಯ, ಕುಡಿದ ಚಹಾದ ಋಣಕ್ಕೆ.

ಜೀಪು ಮುಂದೆ, ಊರು ಹಿಂದೆ. ಒಂದು ಲೆಕ್ಕದಲ್ಲಿ ಚಲೋನೇ ಆಯ್ತು ಅಂದುಕೊಂಡ ಖಂಡೆಪ್ಪ. ಮಾರಾಟವಾಗದೆ ಬಿದ್ದ ಉಣ್ಣೆಯ ಗುಡ್ಡ ಕಂಡರೆ ಮೇಡಂ ತಾವಾಗಿಯೇ ಬ್ಯಾಡ ಅಂತ ಬರೆದುಕೊಳ್ಳುತ್ತಾರೆ, ತಾನು ಬಾಯಿ ಬಿಡಬೇಕಿಲ್ಲ.

ಪಡಸಾಲೆ ಖಾಲಿ ಇತ್ತು. ಗುಡಿಸಿ ಸಾರಿಸಿದ ನೆಲದ ಮೇಲೆ ಶೆಟ್ಟೆವ್ವ ಗುಲಾಬಿ ಬಣ್ಣದ ರಗ್ಗು ಹೊದ್ದು ಮಹಾರಾಣಿಯಂತೆ ಕೂತಿದ್ದಳು.

"ನನ್ನ ಉಣ್ಣಿ ಎಲ್ಲೈತಿ?"

"ನೀವ ಹೊರಗ ಬಿದ್ದ ಮ್ಯಾಲ ಗೋಕಾಕದಿಂದ ರಗ್ಗ ಮಾರಾಂವ ಟೆಂಪೋ ತಗೊಂಡ ಬಂದಿದ್ದ. ಅಷ್ಟೂ ಉಣ್ಣಿ ಕೊಟ್ಟ ಇದನ್ನ ತಗೊಂಡೆ. ಹೊರದೇಶದ ಉಣ್ಣಿ ಅಂತ, ಒಟ್ಟ ಚುಚ್ಚೂದಿಲ್ಲ! ಮುಟ್ಟಿ ನೋಡ್ರಿ ಅಕ್ಕಾರ."

ಮೇಡಂ ಮುಟ್ಟಿ ನೋಡಿದರು. ಆಮೇಲೆ ಫೈಲು ತೆಗೆದು ಎಲ್ಲರಿಗೂ ಕೇಳುವಂತೆ ಹೇಳುತ್ತಾ ಬರೆದರು: "ಕೊಣ್ಣೂರಿನಲ್ಲಿ ಒಪ್ಪಂದ ಈಗಾಗಲೇ ಜಾರಿಗೆ ಬಂದಿದೆ."

ಜೀಪು ಹೋಯಿತು, ನಕ್ಕು ಸುಸ್ತಾದ ಊರೂ ಹೋಯಿತು. ಖಂಡೆಪ್ಪನಿಗೆ ಅಳು ಬರುವುದೊಂದು ಬಾಕಿ. ಥಂಡಿ ಬೇರೆ ಜೋರಾಗಿತ್ತು. ಮೆಲ್ಲಗೆ ಹೆಂಡತಿಯ ಬದಿಗೆ ಸರಿದ.

"ಆಗಿದ್ದ ಆತ ಬಿಡು. ನನಗೂ ಅದರಾಗ ಒಂದ ತುದಿ ಕೊಡ್ತೀಯೇನ?"

ಶೆಟ್ಟೆವ್ವ ರಗ್ಗು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡಳು.

"ತವರಮನ್ಯಾಗ ಕೇಳಿ ಹೇಳ್ತೇನ್ರಿ."